ಮುದ್ರೆ ಇಲ್ಲದೆ ಹುಟ್ಟಿದ ಟಪಾಲು: ಸಾಚಾ ಇಮೇಲ್ ಸ್ಪ್ಯಾಮಿಗೆ ಯಾಕೆ ಬೀಳುತ್ತದೆ?

ಕುಳಗೇರಿ ಕ್ರಾಸಿನಂಥ ಊರಿನಲ್ಲಿ ಇಮೇಲ್ ದಿನಬಳಕೆಯ ವಸ್ತುವಲ್ಲ. ಮಾತುಕತೆಗೆ ವಾಟ್ಸಾಪ್ ಇದೆ, ದುಡ್ಡು ಕಳಿಸಲು ಫೋನ್‌ಪೇ ಇದೆ. ಇಮೇಲ್ ನೆನಪಾಗುವುದು ನೌಕರಿಗೆ ಅರ್ಜಿ ಹಾಕುವಾಗ, ಕಾಲೇಜಿಗೆ ಸೇರುವಾಗ, ಇಲ್ಲವೇ ಪಾಸ್‌ವರ್ಡ್ ಮರೆತಾಗ. ಅರ್ಜಿ ತುಂಬುವ ಆನ್‌ಲೈನ್ ಸೆಂಟರಿನವರು ಇಮೇಲ್ ಐಡಿ ಕೇಳುತ್ತಾರೆ. ಇಲ್ಲ ಅಂದರೆ ತಮ್ಮದನ್ನೇ ಹಾಕಿಬಿಡುತ್ತಾರೆ. ಅದೊಂದು ಬೇರೆ ಗೋಳು, ಇನ್ನೊಂದು ದಿನ ಬರೆಯೋಣ.

ಅಪರೂಪಕ್ಕೆ ಬರುವ ಪತ್ರ ಅಂದಮೇಲೆ ಅದು ಮುಖ್ಯದ್ದೇ ಆಗಿರುತ್ತದೆ. ಸಂದರ್ಶನದ ಕರೆ, ಪ್ರವೇಶಪತ್ರ, ಶುಲ್ಕ ಕಟ್ಟುವ ಕೊನೆಯ ದಿನ. ಆ ಪತ್ರ ಇನ್‌ಬಾಕ್ಸಿಗೆ ಬರದೆ ಸ್ಪ್ಯಾಮ್ ಫೋಲ್ಡರಿಗೆ ಹೋಗಿ ಕೂತರೆ ನಮಗೆ ಗೊತ್ತೇ ಆಗುವುದಿಲ್ಲ. ಫೋನು ಟಿಣ್ ಅನ್ನುವುದಿಲ್ಲ. ಜಿಮೇಲ್ 30 ದಿನ ಇಟ್ಟುಕೊಂಡು ಆಮೇಲೆ ತಾನೇ ಅಳಿಸಿಹಾಕುತ್ತದೆ. ಕಳಿಸಿದವರು "ಕಳಿಸಿದ್ದೇವಲ್ಲ" ಅನ್ನುತ್ತಾರೆ, ನೀವು "ಬಂದಿಲ್ಲ" ಅನ್ನುತ್ತೀರಿ. ಇಬ್ಬರ ಮಾತೂ ನಿಜವೇ.

ಮೋಸದ ಪತ್ರ ಸ್ಪ್ಯಾಮಿಗೆ ಹೋಗುವುದು ಸರಿ. ಸಾಚಾ ಪತ್ರ ಯಾಕೆ ಹೋಗುತ್ತದೆ? ಇದಕ್ಕೆ ಉತ್ತರ ಹುಡುಕಲು ಇಮೇಲಿನ ಹುಟ್ಟಿನ ತನಕ ಹೋಗಬೇಕು. ಅದಕ್ಕೂ ಮೊದಲು, ನಮ್ಮ ಕ್ರಾಸಿನಿಂದ ಹೊರಳಿದರೆ ಸಿಗುವ ಬಾದಾಮಿಗೆ ಒಂದು ಸುತ್ತು ಹೋಗಿ ಬರೋಣ.

ಬಾದಾಮಿ ಚಾಲುಕ್ಯರು ಭೂಮಿ ದಾನ ಕೊಟ್ಟಾಗ ತಾಮ್ರದ ಹಲಗೆಯ ಮೇಲೆ ಬರೆಸಿ ಕೊಡುತ್ತಿದ್ದರು. ಎರಡು ಮೂರು ಹಲಗೆಗಳಿಗೆ ತೂತು ಕೊರೆದು, ಒಂದು ಬಳೆ ಪೋಣಿಸಿ, ಬಳೆಯ ತುದಿಗಳನ್ನು ಸೇರಿಸಿ, ಮೇಲೆ ವರಾಹದ ಮುದ್ರೆ ಒತ್ತುತ್ತಿದ್ದರು. ಆ ಮುದ್ರೆಯಿಂದ ಎರಡು ಕೆಲಸ ಆಗುತ್ತಿತ್ತು. ಇದು ಅರಮನೆಯಿಂದ ಬಂದದ್ದು ಎಂದು ಹೇಳುವುದು ಒಂದು. ಬಳೆ ಬಿಚ್ಚಿ ನಡುವಿನ ಹಲಗೆ ಬದಲಾಯಿಸದಂತೆ ತಡೆಯುವುದು ಇನ್ನೊಂದು. ಇಷ್ಟಾದರೂ ಖೊಟ್ಟಿ ತಾಮ್ರಪಟಗಳು ಹುಟ್ಟಿಕೊಂಡವು. ಹೊಲದ ಮೇಲೆ ಹಕ್ಕು ಸಾಧಿಸಲು ನೂರಾರು ವರ್ಷ ಹಿಂದಿನ ರಾಜರ ಹೆಸರಲ್ಲಿ ಶಾಸನ ಬರೆಸಿಕೊಂಡವರು ಕರ್ನಾಟಕದಲ್ಲಿ ಕಡಿಮೆ ಇರಲಿಲ್ಲ.

ಇವನ್ನು ಹಿಡಿಯಲು ಕೂತವರಲ್ಲಿ ದೊಡ್ಡ ಹೆಸರು ಜೆ. ಎಫ್. ಫ್ಲೀಟ್. ಮುಂಬಯಿ ಪ್ರಾಂತ್ಯದ ಬ್ರಿಟಿಷ್ ಅಧಿಕಾರಿ. ನಮ್ಮ ಭಾಗದ ಶಾಸನಗಳನ್ನು ಓದಿ, ಕನ್ನಡ ಜಿಲ್ಲೆಗಳ ರಾಜವಂಶಗಳ ಇತಿಹಾಸ ಬರೆದವನು. ಅವನು ಬರೀ ಮುದ್ರೆ ನೋಡಿ ಬಿಡುತ್ತಿರಲಿಲ್ಲ. ಲಿಪಿ ಆ ಕಾಲದ್ದೇ ಹೌದೋ ಅಲ್ಲವೋ, ಬರೆದ ತಿಥಿಗೂ ವಾರಕ್ಕೂ ತಾಳೆ ಆಗುತ್ತದೋ ಇಲ್ಲವೋ, ಭಾಷೆ ಹೇಗಿದೆ, ಎಲ್ಲ ಅಳೆದು ನೋಡಿ "ಇದು ಖೊಟ್ಟಿ" ಅನ್ನುತ್ತಿದ್ದ. ಫ್ಲೀಟನ ಹೆಸರು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಮತ್ತೆ ಬೇಕಾಗುತ್ತದೆ.

ಈಗ ಇಮೇಲಿಗೆ ಬರೋಣ. 1971ರಲ್ಲಿ ಅಮೆರಿಕದ ರೇ ಟಾಮ್ಲಿನ್ಸನ್ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಜಾಲದ ಮೂಲಕ ಪತ್ರ ಕಳಿಸಿದ. ಹೆಸರಿಗೂ ಯಂತ್ರಕ್ಕೂ ನಡುವೆ ಹಾಕುವ 'ಆ್ಯಟ್' ಗುರುತು ಅವನದೇ ಆಯ್ಕೆ. ಆಗ ಜಾಲದಲ್ಲಿ ಇದ್ದವರು ವಿಶ್ವವಿದ್ಯಾಲಯದವರು, ಸೈನ್ಯಕ್ಕಾಗಿ ಸಂಶೋಧನೆ ಮಾಡುವವರು. ಒಂದು ಸಣ್ಣ ಊರಿದ್ದ ಹಾಗೆ. ಸಣ್ಣ ಊರಲ್ಲಿ ಮನೆಗೆ ಬೀಗ ಹಾಕುವವರು ಯಾರು?

1982ರ ಆಗಸ್ಟ್‌ನಲ್ಲಿ ಜಾನ್ ಪೋಸ್ಟೆಲ್ ಈ ಟಪಾಲಿನ ನಿಯಮಗಳನ್ನು ಬರೆದ. ಅದಕ್ಕೆ ಎಸ್‌ಎಂಟಿಪಿ ಅನ್ನುತ್ತಾರೆ. ಇವತ್ತು ನಿಮ್ಮ ಫೋನಿಗೆ ಬರುವ ಇಮೇಲ್ ಕೂಡ ಮೂಲದಲ್ಲಿ ಅದೇ ನಿಯಮದ ಮೇಲೆ ಓಡುತ್ತದೆ. ಆ ನಿಯಮದ ಪ್ರಕಾರ ಕಳಿಸುವ ಸರ್ವರ್ "ನಾನು ಇಂಥವರ ಪತ್ರ ತಂದಿದ್ದೇನೆ" ಅನ್ನುತ್ತದೆ. ತೆಗೆದುಕೊಳ್ಳುವ ಸರ್ವರ್ "ಆಯ್ತು" ಅನ್ನುತ್ತದೆ. ಹೌದೋ ಅಲ್ಲವೋ ಎಂದು ನೋಡುವ ಏರ್ಪಾಡೇ ಅದರಲ್ಲಿ ಇರಲಿಲ್ಲ. ಮುದ್ರೆಯೂ ಇಲ್ಲ, ಬಳೆಯೂ ಇಲ್ಲ.

ಇನ್ನೊಂದು ಸಂಗತಿ ಇಲ್ಲೇ ಹೇಳಬೇಕು, ಮುಂದೆ ಎಲ್ಲದಕ್ಕೂ ಅದೇ ಆಧಾರ. ಅಂಚೆ ಪತ್ರದಲ್ಲಿ ಲಕೋಟೆಯ ಹಿಂದೆ ಒಂದು "ಇಂದ" ಇರುತ್ತದೆ, ಒಳಗಿನ ಕಾಗದದ ಮೇಲೂ ಒಂದು "ಇಂದ" ಇರುತ್ತದೆ. ಇಮೇಲಿನಲ್ಲೂ ಹಾಗೇ ಎರಡಿವೆ. ಲಕೋಟೆಯ "ಇಂದ" ಸರ್ವರುಗಳು ತಮ್ಮೊಳಗೆ ಮಾತಾಡಿಕೊಳ್ಳುವುದು, ನಿಮಗೆ ಸಾಮಾನ್ಯವಾಗಿ ಕಾಣುವುದಿಲ್ಲ. ಫೋನಿನಲ್ಲಿ ಕಾಣುವುದು ಒಳಗಿನ ಕಾಗದದ "ಇಂದ". ಎರಡೂ ಒಂದೇ ಇರಬೇಕೆಂದು ನಿಯಮದಲ್ಲಿ ಇರಲಿಲ್ಲ. ಎರಡನ್ನೂ ಯಾರು ಬೇಕಾದರೂ ಏನು ಬೇಕಾದರೂ ಬರೆಯಬಹುದಿತ್ತು.

ಬೇಡದ ಪತ್ರದ ಕಾಟ ನಿಯಮ ಬರೆಯುವ ಮೊದಲೇ ಶುರುವಾಗಿತ್ತು. 1978ರ ಮೇ 3ರಂದು ಡಿಇಸಿ ಎಂಬ ಕಂಪ್ಯೂಟರ್ ಕಂಪನಿಯ ಮಾರಾಟ ವಿಭಾಗದ ಗ್ಯಾರಿ ಥರ್ಕ್ ಸುಮಾರು 400 ಜನರಿಗೆ ಒಂದೇ ಏಟಿಗೆ ಜಾಹೀರಾತು ಕಳಿಸಿದ. ಬೈಗುಳ ಬಂತು, ಜಾಲದ ಮೇಲ್ವಿಚಾರಕರು ಗದರಿದರು. ಸ್ಪ್ಯಾಮ್ ಅನ್ನುವ ಹೆಸರು ಆಮೇಲೆ ಬಂದದ್ದು. ಅದು ಅಮೆರಿಕದ ಡಬ್ಬಿ ಮಾಂಸದ ಹೆಸರು. 1970ರ ಒಂದು ಇಂಗ್ಲಿಷ್ ಟಿವಿ ಹಾಸ್ಯದಲ್ಲಿ ಹೋಟೆಲಿನ ಪ್ರತಿ ತಿಂಡಿಯಲ್ಲೂ ಸ್ಪ್ಯಾಮ್, ಸ್ಪ್ಯಾಮ್ ಎಂದು ಕಿವಿ ತೂತು ಬೀಳುವಂತೆ ಕೂಗುತ್ತಾರೆ. ಬೇಡವೆಂದರೂ ಬರುವ ಸಂದೇಶಕ್ಕೆ ಆ ಹೆಸರೇ ಅಂಟಿತು.

ನಮ್ಮ ದೇಶದಲ್ಲಿ 1986ರಲ್ಲಿ ಶುರುವಾದ ಎರ್ನೆಟ್ ಜಾಲದಲ್ಲಿ ಐಐಟಿಗಳ ಜೊತೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಇತ್ತು. ಪತ್ರ ಹೋಗುತ್ತಿದ್ದದ್ದು ವಿಜ್ಞಾನಿಗಳ ನಡುವೆ. ಸಾಮಾನ್ಯ ಜನರಿಗೆ ಇಂಟರ್ನೆಟ್ ಬಂದದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ, ಅದೂ ದೊಡ್ಡ ನಗರಗಳಲ್ಲಿ. ಮರುವರ್ಷ, 1996ರ ಜುಲೈ 4ರಂದು, ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ ಮತ್ತು ಜ್ಯಾಕ್ ಸ್ಮಿತ್ ಅಮೆರಿಕದಲ್ಲಿ ಹಾಟ್‌ಮೇಲ್ ತೆರೆದರು. ದುಡ್ಡಿಲ್ಲದೆ ಯಾರು ಬೇಕಾದರೂ ಇಮೇಲ್ ಇಟ್ಟುಕೊಳ್ಳಬಹುದು ಎಂದಾಯಿತು. 1997ರ ಕೊನೆಗೆ ಮೈಕ್ರೋಸಾಫ್ಟ್ ಅದನ್ನು ಕೊಂಡಿತು. ಸಣ್ಣ ಊರು ಒಮ್ಮೆಲೇ ಸಂತೆಯಾಯಿತು. ಬೀಗವಿಲ್ಲದ ಮನೆಗಳು ಮಾತ್ರ ಹಾಗೇ ಇದ್ದವು.

ಆ ಕಾಲದ ಸರ್ವರುಗಳು ಎಷ್ಟು ಮುಗ್ಧ ಅಂದರೆ, ಯಾರೇ ಪತ್ರ ತಂದುಕೊಟ್ಟರೂ ಮುಂದಿನವರಿಗೆ ದಾಟಿಸುತ್ತಿದ್ದವು. ಮೊದಲಿಗೆ ಅದು ಸೌಜನ್ಯ. ರಾತ್ರಿ ಬಂದ ಅಪರಿಚಿತನ ಚೀಲವನ್ನು ಡ್ರೈವರ್ ಮುಂದಿನ ಸ್ಟಾಪಿನಲ್ಲಿ ಇಳಿಸಿದ ಹಾಗೆ. ಸ್ಪ್ಯಾಮ್ ಕಳಿಸುವವರು ಇದನ್ನೇ ಹಿಡಿದುಕೊಂಡರು. ಅದಕ್ಕೆ ಉತ್ತರವಾಗಿ 1997ರಲ್ಲಿ ಪಾಲ್ ವಿಕ್ಸಿ ಮತ್ತು ಸಂಗಡಿಗರು ಕೆಟ್ಟ ಸರ್ವರುಗಳ ಕಪ್ಪುಪಟ್ಟಿ ಮಾಡಿದರು. 1998ರಲ್ಲಿ ಲಂಡನ್ನಿನಲ್ಲಿ ಸ್ಪ್ಯಾಮ್‌ಹೌಸ್ ಶುರುವಾಯಿತು, ಅದರ ಪಟ್ಟಿ ಇಂದಿಗೂ ನಡೆಯುತ್ತಿದೆ. ಪ್ರತಿ ಸರ್ವರಿಗೂ ಐಪಿ ಎಂಬ ಅಂಕಿಯ ವಿಳಾಸ ಇರುತ್ತದೆ. ಆ ವಿಳಾಸ ಪಟ್ಟಿಯಲ್ಲಿ ಬಿತ್ತೆಂದರೆ ಅಲ್ಲಿಂದ ಬಂದ ಪತ್ರವನ್ನು ಬಹಳ ಕಡೆ ಬಾಗಿಲಲ್ಲೇ ತಡೆಯುತ್ತಾರೆ.

2002ರ ಆಗಸ್ಟ್‌ನಲ್ಲಿ ಪಾಲ್ ಗ್ರಹಾಂ ಎಂಬ ಪ್ರೋಗ್ರಾಮರ್ ಒಂದು ಲೇಖನ ಬರೆದು ಬೇರೆ ದಾರಿ ತೋರಿಸಿದ. ಪತ್ರದೊಳಗಿನ ಶಬ್ದಗಳನ್ನೇ ಎಣಿಸು ಎಂದ. ಹಿಂದೆ ಬಂದ ಕೆಟ್ಟ ಪತ್ರಗಳಲ್ಲಿ ಯಾವ ಶಬ್ದ ಎಷ್ಟು ಸಲ ಬಂದಿದೆ, ಒಳ್ಳೆಯವುಗಳಲ್ಲಿ ಎಷ್ಟು ಸಲ ಎಂದು ನೋಡಿ ಹೊಸ ಪತ್ರದ ಬಗ್ಗೆ ಅಂದಾಜು ಕಟ್ಟುವುದು. ಲೆಕ್ಕ 18ನೇ ಶತಮಾನದ ಥಾಮಸ್ ಬೇಸ್ ಎಂಬ ಇಂಗ್ಲಿಷ್ ಪಾದ್ರಿಯದು. ಫ್ಲೀಟ್ ಲಿಪಿ, ತಿಥಿ ನೋಡಿದ ಹಾಗೆ ಇದು ಶಬ್ದ ನೋಡುವುದು. ಆದರೆ ಕಳಿಸಿದವರು ಯಾರು ಅನ್ನುವ ಪ್ರಶ್ನೆ ಹಾಗೇ ಉಳಿದಿತ್ತು. ಬ್ಯಾಂಕಿನ ಭಾಷೆಯನ್ನೇ ಕದ್ದು ಬರೆದ ಮೋಸದ ಪತ್ರವನ್ನು ಶಬ್ದ ಎಣಿಸಿ ಹಿಡಿಯುವುದು ಹೇಗೆ?

ಆಗ ಮುದ್ರೆಯ ಯೋಚನೆ ಬಂತು. ನಿಯಮ ಬರೆದು ಇಪ್ಪತ್ತು ವರ್ಷ ಆದಮೇಲೆ.

ಮೊದಲನೆಯದು ಎಸ್‌ಪಿಎಫ್. 2003ರ ಹೊತ್ತಿಗೆ ಮೆಂಗ್ ವೆಂಗ್ ವಾಂಗ್ ಮತ್ತು ಸಂಗಡಿಗರು ಇದನ್ನು ರೂಪಿಸಿದರು, 2006ರಲ್ಲಿ ದಾಖಲೆಯಾಗಿ ಬಂತು. ಪ್ರತಿ ವೆಬ್‌ಸೈಟ್ ಹೆಸರಿಗೂ, ಅಂದರೆ ಡೊಮೇನಿಗೂ, ಡಿಎನ್‌ಎಸ್ ಎಂಬ ಸಾರ್ವಜನಿಕ ದಾಖಲೆ ಇರುತ್ತದೆ. ಊರ ಚಾವಡಿಯ ನೋಟಿಸ್ ಬೋರ್ಡ್ ಅಂದುಕೊಳ್ಳಿ. ಆ ಬೋರ್ಡಿನ ಮೇಲೆ "ನನ್ನ ಹೆಸರಲ್ಲಿ ಪತ್ರ ತರಲು ಇಂಥಿಂಥ ಸರ್ವರಿಗೆ ಮಾತ್ರ ಒಪ್ಪಿಗೆ ಇದೆ" ಎಂದು ಒಂದು ಸಾಲು ಬರೆದಿಡುವುದು. ಪತ್ರ ಬಂದಾಗ ಜಿಮೇಲ್ ಬೋರ್ಡ್ ನೋಡುತ್ತದೆ. ತಂದವನ ಹೆಸರು ಇದ್ದರೆ ಸರಿ, ಇಲ್ಲದಿದ್ದರೆ ಅನುಮಾನ. ಒಂದು ಕೊರತೆ ಅಂದರೆ ಎಸ್‌ಪಿಎಫ್ ನೋಡುವುದು ಲಕೋಟೆಯ "ಇಂದ"ವನ್ನು ಮಾತ್ರ. ಪತ್ರವನ್ನು ನಡುವೆ ಬೇರೊಬ್ಬರು ದಾಟಿಸಿದರೆ, ಉದಾಹರಣೆಗೆ ಕಾಲೇಜಿನ ಐಡಿಗೆ ಬಂದದ್ದು ತಾನಾಗಿ ಜಿಮೇಲಿಗೆ ಬರುವಂತೆ ಮಾಡಿಕೊಂಡಿದ್ದರೆ, ತಂದವನು ಬದಲಾಗುತ್ತಾನೆ, ಪರೀಕ್ಷೆ ಫೇಲ್.

ಎರಡನೆಯದು ಡಿಕಿಮ್. 2004ರಲ್ಲಿ ಯಾಹೂ ತಂದದ್ದು ಮತ್ತು ಸಿಸ್ಕೋ ಕಂಪನಿಯದು ಎರಡೂ ಸೇರಿ 2007ರಲ್ಲಿ ಆದದ್ದು. ಇದು ನಿಜವಾದ ವರಾಹ ಮುದ್ರೆ. ಮುದ್ರೆ ಒತ್ತುವ ಅಚ್ಚು ಕಳಿಸುವವರ ಸರ್ವರಿನಲ್ಲಿ ಗುಟ್ಟಾಗಿ ಇರುತ್ತದೆ. ಆ ಮುದ್ರೆಯನ್ನು ಗುರುತಿಸಲು ಬೇಕಾದ ನಮೂನೆ ನೋಟಿಸ್ ಬೋರ್ಡಿನ ಮೇಲಿರುತ್ತದೆ. ಪ್ರತಿ ಪತ್ರಕ್ಕೂ ಅದರ ಅಕ್ಷರಗಳನ್ನೇ ಲೆಕ್ಕ ಹಾಕಿ ಮುದ್ರೆ ಒತ್ತುವುದರಿಂದ, ದಾರಿಯಲ್ಲಿ ಯಾರಾದರೂ ಖಾತೆ ನಂಬರ್ ತಿದ್ದಿದರೆ ತಾಳೆ ತಪ್ಪುತ್ತದೆ. ನಡುವೆ ಯಾರು ದಾಟಿಸಿದರೂ ಒಳಗಿನದನ್ನು ಮುಟ್ಟದಿದ್ದರೆ ಮುದ್ರೆ ಉಳಿಯುತ್ತದೆ.

ಅಚ್ಚು ಗಟ್ಟಿ ಇರಬೇಕು ಅನ್ನುವುದಕ್ಕೆ ಒಂದು ಒಳ್ಳೆ ಪ್ರಸಂಗ ಇದೆ. 2011ರ ಕೊನೆಗೆ ಜ್ಯಾಕರಿ ಹ್ಯಾರಿಸ್ ಎಂಬ ಅಮೆರಿಕದ ಗಣಿತಜ್ಞನಿಗೆ ಗೂಗಲ್‌ನಿಂದ ನೌಕರಿಯ ಪತ್ರ ಬಂತು. ಇದು ಸಾಚಾನೋ ಖೊಟ್ಟಿನೋ ಎಂದು ಪರೀಕ್ಷಿಸಲು ಹೋದವನಿಗೆ ಗೂಗಲ್ ಬಳಸುತ್ತಿದ್ದ ಡಿಕಿಮ್ ಕೀಲಿ ಬರೀ 512 ಬಿಟ್‌ನದು ಎಂದು ಕಂಡಿತು. ಆಗಲೇ ಕನಿಷ್ಠ 1024 ಇರಬೇಕೆಂಬ ಮಾತಿತ್ತು. ಇದು ತನ್ನ ಬುದ್ಧಿ ನೋಡಲು ಇಟ್ಟ ಪರೀಕ್ಷೆಯೇ ಇರಬೇಕು ಎಂದುಕೊಂಡು ಅವನು ಕೀಲಿ ಒಡೆದ. ಗೂಗಲ್‌ನ ಇಬ್ಬರು ಸ್ಥಾಪಕರಲ್ಲಿ ಒಬ್ಬನ ಹೆಸರಿನಿಂದ ಇನ್ನೊಬ್ಬನಿಗೆ ಪತ್ರ ಕಳಿಸಿದ. ಉತ್ತರ ಬರಲಿಲ್ಲ. ಎರಡು ದಿನದಲ್ಲಿ ಕೀಲಿ ಮಾತ್ರ 2048 ಬಿಟ್‌ಗೆ ಬದಲಾಗಿತ್ತು. 2012ರಲ್ಲಿ ಈ ಸುದ್ದಿ ಹೊರಬಿತ್ತು. ಗೂಗಲ್‌ನಂಥ ಅರಮನೆಯ ಮುದ್ರೆಯೇ ಹಾಗಿತ್ತು ಅಂದರೆ ಉಳಿದವರದು ಹೇಗಿದ್ದೀತು?

ಮೂರನೆಯದು ಡಿಮಾರ್ಕ್, 2012ರ ಜನವರಿಯಲ್ಲಿ ಹೊರಬಂದದ್ದು. ಇದು ಒಳಗಿನ ಕಾಗದದ "ಇಂದ"ವನ್ನು ಹಿಡಿಯುತ್ತದೆ. ನಿಮ್ಮ ಕಣ್ಣಿಗೆ ಕಾಣುವ ಹೆಸರಿಗೂ, ಎಸ್‌ಪಿಎಫ್ ಅಥವಾ ಡಿಕಿಮ್ ಪಾಸು ಮಾಡಿದ ಹೆಸರಿಗೂ ತಾಳೆ ಇರಬೇಕು ಅನ್ನುತ್ತದೆ. ತಾಳೆ ಇಲ್ಲದಿದ್ದರೆ ಏನು ಮಾಡಬೇಕು, ಸುಮ್ಮನೆ ಬಿಡಬೇಕೋ, ಸ್ಪ್ಯಾಮಿಗೆ ಹಾಕಬೇಕೋ, ತಿರಸ್ಕರಿಸಬೇಕೋ, ಅದನ್ನು ಡೊಮೇನಿನ ಯಜಮಾನನೇ ಬೋರ್ಡಿನಲ್ಲಿ ಬರೆದಿಡುತ್ತಾನೆ. 2014ರ ಏಪ್ರಿಲ್‌ನಲ್ಲಿ ಯಾಹೂ ಒಮ್ಮೆಲೇ "ತಿರಸ್ಕರಿಸಿ" ಎಂದು ಬರೆದುಬಿಟ್ಟಿತು. ಯಾಹೂ ಐಡಿ ಇಟ್ಟುಕೊಂಡು ಗುಂಪು ಪತ್ರ ವ್ಯವಹಾರ ಮಾಡುತ್ತಿದ್ದವರ ಸಾಚಾ ಪತ್ರಗಳೂ ಜಗತ್ತಿನ ತುಂಬ ವಾಪಸು ಬಿದ್ದವು. ಖೊಟ್ಟಿ ತಡೆಯಲು ಹಾಕಿದ ಬೇಲಿಗೆ ಮನೆಯ ದನವೇ ಸಿಕ್ಕಿಕೊಂಡ ಹಾಗಾಯಿತು.

ಇದರ ನಡುವೆ ನಮ್ಮ ಸರಕಾರ ಏನು ಮಾಡಿತು ಎಂದು ಕೇಳಬಹುದು. 2008ರಲ್ಲಿ ತಿದ್ದುಪಡಿಯಾದ ಐಟಿ ಕಾಯ್ದೆಯ 66ಎ ಕಲಮಿನಲ್ಲಿ, ಎಲ್ಲಿಂದ ಬಂತೆಂದು ದಾರಿ ತಪ್ಪಿಸುವ ಇಮೇಲ್ ಕಳಿಸುವುದೂ ಅಪರಾಧ ಎಂಬ ಮಾತಿತ್ತು. ಆದರೆ ಆ ಕಲಮಿನ ಭಾಷೆ ಎಷ್ಟು ಸಡಿಲ ಇತ್ತೆಂದರೆ ಫೇಸ್‌ಬುಕ್ ಪೋಸ್ಟ್ ಹಾಕಿದವರನ್ನು ಒಳಗೆ ಹಾಕಲು ಬಳಕೆಯಾಯಿತು. 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟ್ ಇಡೀ ಕಲಮನ್ನೇ ರದ್ದು ಮಾಡಿತು. ಕೋರ್ಟ್ ಮಾಡಿದ್ದು ಸರಿ ಎಂದೇ ನನ್ನ ಅನಿಸಿಕೆ. ಎಸ್ಸೆಮ್ಮೆಸ್ ವಿಷಯದಲ್ಲಿ ಮಾತ್ರ ಟ್ರಾಯ್ 2018ರಲ್ಲಿ ಗಟ್ಟಿ ನಿಯಮ ತಂದಿತು. ಬ್ಯಾಂಕಿನ ಮೆಸೇಜು ನಂಬರಿನ ಬದಲು ಅಕ್ಷರದ ಹೆಸರಿನಿಂದ ಬರುತ್ತದಲ್ಲ, ಆ ಹೆಸರನ್ನು ಮೊದಲೇ ನೋಂದಾಯಿಸಬೇಕು. 2025ರಿಂದ ಹೆಸರಿನ ಕೊನೆಗೆ ಸರಕಾರದ್ದಾದರೆ ಜಿ, ಪ್ರಚಾರದ್ದಾದರೆ ಪಿ ಎಂಬ ಅಕ್ಷರವೂ ಇರುತ್ತದೆ. ಇಮೇಲಿನಲ್ಲಿ ಇಂಥ ಅಧಿಕಾರವನ್ನು ನಡೆಸುತ್ತಿರುವುದು ಯಾವ ದೇಶದ ಸರಕಾರವೂ ಅಲ್ಲ. ಮೂರ್ನಾಲ್ಕು ದೊಡ್ಡ ಕಂಪನಿಗಳು.

2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ಇದನ್ನು ಕಡ್ಡಾಯವೇ ಮಾಡಿದವು. ಜಿಮೇಲಿಗೆ ಪತ್ರ ಕಳಿಸುವ ಯಾರೇ ಆಗಲಿ ಎಸ್‌ಪಿಎಫ್ ಅಥವಾ ಡಿಕಿಮ್ ಇಟ್ಟಿರಬೇಕು. ದಿನಕ್ಕೆ 5000ಕ್ಕಿಂತ ಹೆಚ್ಚು ಕಳಿಸುವವರು ಎರಡನ್ನೂ ಇಟ್ಟು, ಡಿಮಾರ್ಕ್ ಕೂಡ ಹಾಕಬೇಕು. ಪ್ರಚಾರದ ಪತ್ರವಾದರೆ ಒಂದೇ ಒತ್ತಿಗೆ ಬೇಡವೆನ್ನುವ ಗುಂಡಿ ಕೊಡಬೇಕು. ಪತ್ರ ಪಡೆದವರು ಸ್ಪ್ಯಾಮ್ ಎಂದು ದೂರುವ ಪ್ರಮಾಣ ನೂರಕ್ಕೆ 0.3 ಮುಟ್ಟಬಾರದು. ಮೊದಲು ಅನುಮಾನ ಬಂದರೆ ತಡೆಯುತ್ತಿದ್ದರು. ಈಗ ಗುರುತು ತೋರಿಸದಿದ್ದರೆ ಅದೇ ಅನುಮಾನಕ್ಕೆ ಕಾರಣ.

ಈಗ ಇಳಕಲ್ಲಿನ ಒಂದು ಸೀರೆ ಅಂಗಡಿ ವೆಬ್‌ಸೈಟ್ ಮಾಡಿಸಿದೆ ಎಂದುಕೊಳ್ಳಿ, ಇಲ್ಲವೇ ಹುನಗುಂದದ ಒಂದು ಕಾಲೇಜು. ಕಡಿಮೆ ದರದ ಹೋಸ್ಟಿಂಗ್ ತೆಗೆದುಕೊಳ್ಳುತ್ತಾರೆ. ಅಲ್ಲಿ ಒಂದೇ ಸರ್ವರಿನಲ್ಲಿ ನೂರಾರು ಸೈಟುಗಳು ಬಾಡಿಗೆಗೆ ಇರುತ್ತವೆ. ಐಪಿ ಎಲ್ಲರಿಗೂ ಒಂದೇ. ಪಕ್ಕದ ಬಾಡಿಗೆದಾರ ಸ್ಪ್ಯಾಮ್ ಕಳಿಸಿ ಕಪ್ಪುಪಟ್ಟಿ ಸೇರಿದರೆ ಇವರ ಪತ್ರವೂ ಜೊತೆಗೆ ಮುಳುಗುತ್ತದೆ. ಸೈಟು ಮಾಡಿದ ಹುಡುಗ ಫಾರ್ಮು ಓಡುತ್ತದೋ ಇಲ್ಲವೋ ಎಂದು ನೋಡಿ, ದುಡ್ಡು ತೆಗೆದುಕೊಂಡು ಹೋಗಿರುತ್ತಾನೆ. ಸರ್ವರ್ ಪತ್ರ ಕಳಿಸುವಾಗ ಲಕೋಟೆಯ ಮೇಲೆ ಹೋಸ್ಟಿಂಗ್ ಕಂಪನಿಯ ಯಂತ್ರದ ಹೆಸರು, ಒಳಗಿನ ಕಾಗದದಲ್ಲಿ ಅಂಗಡಿಯ ಹೆಸರು. ತಾಳೆ ಇಲ್ಲ.

ಇನ್ನೂ ಹೆಚ್ಚು ಕಾಣುವ ತಪ್ಪು "ನಮ್ಮನ್ನು ಸಂಪರ್ಕಿಸಿ" ಫಾರ್ಮಿನದು. ಗಿರಾಕಿ ತನ್ನ ಜಿಮೇಲ್ ಐಡಿ ತುಂಬುತ್ತಾನೆ. ಸೈಟು ಆ ಐಡಿಯನ್ನೇ "ಇಂದ" ಜಾಗದಲ್ಲಿ ಹಾಕಿ ಅಂಗಡಿಯವರಿಗೆ ಪತ್ರ ಕಳಿಸುತ್ತದೆ. ಅಂದರೆ ಯಾವುದೋ ಬಾಡಿಗೆ ಸರ್ವರ್ "ನಾನು ಜಿಮೇಲಿನವನು" ಎಂದು ಹೇಳಿಕೊಂಡು ಜಿಮೇಲಿನ ಬಾಗಿಲಿಗೇ ಬಂದ ಹಾಗೆ. ನಂಬುವವರು ಯಾರು? "ಇಂದ" ಜಾಗದಲ್ಲಿ ಅಂಗಡಿಯ ಸ್ವಂತ ಡೊಮೇನಿನ ಐಡಿ ಇರಬೇಕು, ಗಿರಾಕಿಯ ಐಡಿ ಉತ್ತರ ಕೊಡುವ ವಿಳಾಸದ ಜಾಗದಲ್ಲಿ ಇರಬೇಕು. ಇಷ್ಟು ಬದಲಾಯಿಸಿದರೆ ಎಷ್ಟೋ ಪತ್ರ ಉಳಿಯುತ್ತವೆ.

ಹೋಸ್ಟಿಂಗ್ ಬದಲಾಯಿಸಿದಾಗ ಬೋರ್ಡಿನ ಹಳೆಯ ಎಸ್‌ಪಿಎಫ್ ಸಾಲನ್ನು ತಿದ್ದದೆ ಬಿಡುವುದು ಇನ್ನೊಂದು. ಹಳೆಯದನ್ನು ಬಿಟ್ಟು ಪಕ್ಕದಲ್ಲಿ ಹೊಸದೊಂದು ಬರೆಯುವುದು ಅದಕ್ಕಿಂತ ಕೆಟ್ಟದ್ದು, ಯಾಕೆಂದರೆ ಒಂದು ಡೊಮೇನಿಗೆ ಎರಡು ಎಸ್‌ಪಿಎಫ್ ಸಾಲು ಇದ್ದರೆ ನಿಯಮದ ಪ್ರಕಾರ ಎರಡೂ ಲೆಕ್ಕಕ್ಕಿಲ್ಲ. ಸ್ವಂತ ಸರ್ವರ್ ಇಟ್ಟವರು ಐಪಿಯಿಂದ ಹೆಸರು ಹೇಳುವ ತಿರುಗು ದಾಖಲೆಯನ್ನೂ ಹಾಕಿಸಬೇಕು. ಅದನ್ನು ತಮ್ಮ ಬೋರ್ಡಿನಲ್ಲಿ ಬರೆದರೆ ಆಗುವುದಿಲ್ಲ, ಐಪಿ ಕೊಟ್ಟ ಕಂಪನಿಯನ್ನೇ ಕೇಳಬೇಕು.

ಇಷ್ಟೆಲ್ಲ ಸರಿ ಇದ್ದರೂ ಪತ್ರ ಸ್ಪ್ಯಾಮಿಗೆ ಹೋಗಬಹುದು. ಮುದ್ರೆ ಹೇಳುವುದು ಯಾರು ಕಳಿಸಿದರು ಎಂದಷ್ಟೇ, ಒಳಗಿನದು ನಿಜ ಎಂದಲ್ಲ. ಮೋಸಗಾರರೂ ಸ್ವಂತ ಡೊಮೇನ್ ಕೊಂಡು ಮೂರೂ ಮುದ್ರೆ ಹಾಕಿಸುತ್ತಾರೆ, ಅವರಿಗೆ ಪುರುಸೊತ್ತೂ ಇದೆ, ದುಡ್ಡೂ ಇದೆ. ಬಿಡುವಿಲ್ಲದ್ದು ಸಣ್ಣ ಅಂಗಡಿಯವರಿಗೆ, ಸರಕಾರಿ ಶಾಲೆಯ ಮಾಸ್ತರರಿಗೆ. ಹಾಗಾಗಿ ಜಿಮೇಲ್ ಮುದ್ರೆಯ ಜೊತೆ ಶಬ್ದ ನೋಡುತ್ತದೆ, ಕೊಂಡಿ ನೋಡುತ್ತದೆ, ಆ ಡೊಮೇನಿನ ಹಿಂದಿನ ನಡತೆ ನೋಡುತ್ತದೆ. ನಿನ್ನೆ ಕೊಂಡ ಡೊಮೇನಿನಿಂದ ಇವತ್ತೇ ಸಾವಿರ ಪತ್ರ ಹೋದರೆ ಒಳಗಿನದು ಸೀರೆ ಬಿಲ್ಲೇ ಆಗಿದ್ದರೂ ಅನುಮಾನ ಬರುತ್ತದೆ.

ಫ್ಲೀಟನಿಗೂ ಹೀಗೇ ಆಯಿತು. ತಲಕಾಡಿನ ಗಂಗರ ತಾಮ್ರಪಟಗಳಲ್ಲಿ ಖೊಟ್ಟಿಗಳು ಸಿಕ್ಕ ಮೇಲೆ ಅವನು ಆ ವಂಶದ ಹೆಚ್ಚುಕಡಿಮೆ ಎಲ್ಲ ತಾಮ್ರಪಟಗಳನ್ನೂ ಅನುಮಾನದಿಂದಲೇ ನೋಡಿದ. ಮೈಸೂರಿನಲ್ಲಿ ಶಾಸನಗಳನ್ನು ಸಂಗ್ರಹಿಸುತ್ತಿದ್ದ ಬಿ. ಎಲ್. ರೈಸ್ ಅದನ್ನು ಒಪ್ಪಲಿಲ್ಲ. ಇಬ್ಬರ ಜಗಳ ವರ್ಷಗಟ್ಟಲೆ ನಡೆಯಿತು. ಮುಂದೆ ಬಂದ ವಿದ್ವಾಂಸರು ಒಂದೊಂದನ್ನೇ ಬಿಡಿಸಿ ನೋಡಿ, ಫ್ಲೀಟ್ ತಳ್ಳಿಹಾಕಿದ ಕೆಲವನ್ನು ಸಾಚಾ ಎಂದು ವಾಪಸು ತಂದರು. ಆ ತಾಮ್ರಪಟಗಳಿಗೆ ಕಾಯುವಷ್ಟು ಆಯುಷ್ಯ ಇತ್ತು. ಸ್ಪ್ಯಾಮ್ ಫೋಲ್ಡರಿನ ಕರೆಪತ್ರಕ್ಕೆ ಇರುವುದು 30 ದಿನ.

ಅರ್ಜಿ ಹಾಕಿ ಕಾಯುತ್ತಿರುವವರು ವಾರಕ್ಕೊಮ್ಮೆ ಜಿಮೇಲ್ ಆ್ಯಪಿನ ಎಡಬದಿಯ ಮೂರು ಗೆರೆ ಒತ್ತಿ, ಕೆಳಗೆ ಸರಿಸಿ, ಸ್ಪ್ಯಾಮ್ ತೆರೆದು ನೋಡಿ. ನಿಮ್ಮದೇ ಪತ್ರ ಅಲ್ಲಿದ್ದರೆ "ಸ್ಪ್ಯಾಮ್ ಅಲ್ಲ" ಒತ್ತಿ. ಅಪರಿಚಿತರದ್ದಾದರೆ ಕೊಂಡಿ ಮುಟ್ಟಬೇಡಿ. ವೆಬ್‌ಸೈಟ್ ಇಟ್ಟುಕೊಂಡವರು ತಮ್ಮ ಸೈಟಿನಿಂದ ತಮ್ಮದೇ ಜಿಮೇಲಿಗೆ ಒಂದು ಪತ್ರ ಕಳಿಸಿಕೊಂಡು, ಕಂಪ್ಯೂಟರಿನಲ್ಲಿ ತೆರೆದು, ಮೂಲೆಯ ಮೂರು ಚುಕ್ಕಿ ಒತ್ತಿ, ಮೂಲ ಪತ್ರ ತೋರಿಸುವ ಆಯ್ಕೆಗೆ ಹೋಗಿ. ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂದು ಮೂರು ಸಾಲು ಕಾಣಬೇಕು, ಮೂರರ ಮುಂದೆಯೂ ಪಾಸ್ ಎಂದಿರಬೇಕು. ಯಾವುದಾದರೂ ಫೇಲ್ ಆಗಿದ್ದರೆ, ಅಥವಾ ಸಾಲೇ ಇಲ್ಲದಿದ್ದರೆ, ಆ ಪುಟದ ಫೋಟೊ ತೆಗೆದು ಸೈಟು ಮಾಡಿಕೊಟ್ಟ ಹುಡುಗನಿಗೆ ವಾಟ್ಸಾಪ್ ಮಾಡಿ.